ಹಳೇ ಚಾಸಿಗೆ ಹೊಸ ಬಾಡಿ ಕಟ್ಟಿಸಿದ ಸಾಹುಕಾರ

ಈ ದೃಷ್ಟಾಂತವನ್ನು ಮೊದಲು ಹೇಳಿದವರು ಗದಿಗೆಯ್ಯ ಶಾಸ್ತ್ರಿಗಳು. ಹುಬ್ಬಳ್ಳಿಯ ಹೊರವಲಯದಲ್ಲಿ, ಲಾರಿಗಳು ತಂಗುವ ಬಯಲಿಗೆ ಹೊಂದಿಕೊಂಡ ಮಠದಲ್ಲಿ, ಎರಡು ಸಾವಿರದ ಹತ್ತೊಂಬತ್ತರ ಶ್ರಾವಣ ಪ್ರವಚನದ ಮೂರನೆಯ ಸೋಮವಾರ ಸಂಜೆ ಇದನ್ನು ಹೇಳಿದರು. ಕೇಳಲು ಕುಳಿತವರು ಲಾರಿ ಮಾಲೀಕರು, ಚಾಲಕರು, ಟೈರಿನ ಅಂಗಡಿಯವರು, ಬಾಡಿ ಕಟ್ಟುವ ಬಡಿಗರು ಮತ್ತು ಅವರ ಮನೆಯ ಹೆಣ್ಣುಮಕ್ಕಳು. ಆಮೇಲೆ ಇದೇ ಕಥೆಯನ್ನು ಬೇರೆಯವರ ಬಾಯಲ್ಲಿಯೂ ಕೇಳಿದ್ದೇನೆ. ಒಂದು ಕಡೆ ಲಾರಿ ಹೋಗಿ ಟ್ರ್ಯಾಕ್ಟರ್ ಆಗಿತ್ತು. ಇನ್ನೊಂದು ಕಡೆ ತಮ್ಮ ಹೋಗಿ ಅಳಿಯನಾಗಿದ್ದ. ಇಲ್ಲಿರುವುದು ಶಾಸ್ತ್ರಿಗಳ ಪಾಠ. ಅವರ ನಿರೂಪಣೆಯನ್ನು ಬರಹದ ಕನ್ನಡಕ್ಕೆ ತಂದಿದ್ದೇನೆ. ಕಥೆಯೊಳಗಿನವರ ಮಾತನ್ನು ಮಾತ್ರ ಅವರು ಆಡಿ ತೋರಿಸಿದ ಹಾಗೆಯೇ ಉಳಿಸಿಕೊಂಡಿದ್ದೇನೆ.

ಅಂದಿನ ವಿಷಯ ದಾನ. ಹಾರ್ಮೋನಿಯಂ ನಿಂತ ಮೇಲೆ ಶಾಸ್ತ್ರಿಗಳು ಹೆಗಲ ಮೇಲಿನ ಶಲ್ಯವನ್ನು ಸರಿಪಡಿಸಿಕೊಂಡು ಆರಂಭಿಸಿದರು.

ಕೊಡುವುದು ದೊಡ್ಡದು ಎಂದು ಇಷ್ಟು ಹೊತ್ತು ಹೇಳಿದೆ. ಈಗ ಎಲ್ಲವನ್ನೂ ಕೊಟ್ಟು, ಆದರೂ ಕೊಡದೆ ಉಳಿದವನೊಬ್ಬನ ಕಥೆ ಹೇಳುತ್ತೇನೆ, ಕೇಳಿ.

ಒಂದು ಊರು, ಆ ಊರಿಗೊಬ್ಬ ಸಾಹುಕಾರ. ಅವನ ಸಿರಿ ಹೊಲದಲ್ಲಿರಲಿಲ್ಲ, ತಿಜೋರಿಯಲ್ಲಿರಲಿಲ್ಲ, ಗಾಲಿಯ ಮೇಲಿತ್ತು. ಅವನು ಲಾರಿಗಳ ಮಾಲೀಕ. ಆದರೆ ಹುಟ್ಟಾ ಸಾಹುಕಾರನಲ್ಲ ನೋಡಿ. ಅವನಿಗೊಬ್ಬ ತಮ್ಮ. ಇಬ್ಬರೂ ಕೂಡಿ ಒಂದೇ ಒಂದು ಹಳೆಯ ಲಾರಿಯಿಂದ ಬದುಕು ಕಟ್ಟಿದವರು. ತಮ್ಮ ಸ್ಟೇರಿಂಗ್ ಹಿಡಿಯುತ್ತಿದ್ದ. ಅಣ್ಣ ಎಡಗಡೆಯ ಸೀಟಿನಲ್ಲಿ ಕ್ಲೀನರ್ ಆಗಿ ಕೂರುತ್ತಿದ್ದ. ಲಾರಿ ಹಿಂದೆ ಸರಿಯುವಾಗ ಇಳಿದು, ಲಾರಿಯ ಮೈಗೆ ಕೈ ಬಡಿದು, 'ಬರ್ಲಿ, ಬರ್ಲಿ' ಎನ್ನುತ್ತಿದ್ದವನು ಅಣ್ಣ. ತಿರುವಿನಲ್ಲಿ ಕುತ್ತಿಗೆ ಹೊರಗೆ ಚಾಚಿ ಎದುರಿನ ಗಾಡಿ ನೋಡಿ ಹೇಳುತ್ತಿದ್ದವನೂ ಅಣ್ಣ. ಒಂದು ಲಾರಿ ಎರಡಾಯಿತು, ಎರಡು ಹತ್ತಾಯಿತು. ಅಣ್ಣ ಎಡಗಡೆಯ ಸೀಟಿನಿಂದ ಇಳಿದು ಆಫೀಸಿನ ಕುರ್ಚಿ ಏರಿದ. ತಮ್ಮ ಮಾತ್ರ ಆ ಮೊದಲ ಲಾರಿಯನ್ನು ಬಿಡಲಿಲ್ಲ.

ಒಂದು ವರ್ಷ ಆಯುಧಪೂಜೆಗೆ ಆ ಹಳೆಯ ಲಾರಿಗೆ ಹೊಸ ಬಾಡಿ ಕಟ್ಟಿಸಿದರು. ನೋಡಿ, ಇದು ನಿಮಗೆ ನಾನು ಹೇಳಿಕೊಡುವ ವಿಷಯವಲ್ಲ. ಲಾರಿ ಮಾಲೀಕನ ಸೂತ್ರ ಒಂದೇ: ಚಾಸಿ ಇರುವ ತನಕ ಗಾಡಿ ಇದೆ. ಅಡಿಯ ಚೌಕಟ್ಟು ಎಷ್ಟೇ ಹಳೆಯದಿರಲಿ, ಮೇಲೆ ಹೊಸ ಬಾಡಿ ಕೂರಿಸಿ, ಹೂಬಳ್ಳಿ ಬರೆಸಿ, ಗೊಂಡೆ ಕಟ್ಟಿ, ಗಾಲಿಯ ಕೆಳಗೆ ನಿಂಬೆಹಣ್ಣು ಇಟ್ಟರೆ ಮುದುಕ ಮದುಮಗನಾದ. ಹೌದೋ ಅಲ್ಲವೋ?

ಮುಂದಿನ ಸಾಲಿನಲ್ಲಿ ಲಾರಿಗಳಿಗೆ ಬಣ್ಣ ಬಳಿಯುವ ಮೌಲಾಲಿ ಕುಳಿತಿದ್ದ. "ಮದುಮಗನ ಹಲ್ಲು ಎಣಸಬಾರ್ದ್ರಿ ಶಾಸ್ತ್ರಿಗಳ," ಎಂದ. ಸಭೆ ನಕ್ಕಿತು.

"ನೀ ಬಣ್ಣಾ ಬಳದು ಕಳಸ್ತಿ ಮೌಲಾಲಿ. ಹೆಣ್ಣು ಕೊಟ್ಟವ್ರು ಆಮ್ಯಾಲೆ ಅಳತಾರ," ಎಂದು ಶಾಸ್ತ್ರಿಗಳೂ ನಕ್ಕರು. ನಗು ಇಳಿಯುವವರೆಗೆ ಕಾದು ಮುಂದುವರಿಸಿದರು.

ಬಾಡಿ ಕಟ್ಟಿಸುವ ಮುಂಚೆಯೇ ತಮ್ಮ ಹೇಳಿದ್ದ: "ಅಣ್ಣಾ, ಬ್ರೇಕ್ ಲೈನರ್ ಸವದಾವು. ಮೊದಲ ಅವನ್ನ ಹಾಕಸೂಣು. ಬಾಡಿ ಆಮ್ಯಾಲೆ ನೋಡೂಣು."

ಅಣ್ಣ ಹೇಳಿದ: "ಹಬ್ಬ ಮುಗೀಲಿ ತಡಿಯೋ. ಮಂದಿ ಗಾಡಿ ಸಾಲಾಗ ನಮ್ಮ ಗಾಡಿ ನಿಂದ್ರಬೇಕಲ್ಲ."

ಹಬ್ಬ ಮುಗಿಯಿತು. ಹಬ್ಬದ ಬೆನ್ನಿಗೇ ಲೋಡು ಬಂತು, ಕರಾವಳಿಯ ಕಡೆಗೆ. ಘಟ್ಟ ಇಳಿಯುವಾಗ ಬ್ರೇಕು ಹಿಡಿಯಲಿಲ್ಲ. ತಮ್ಮ ಜಾಣ, ಕಣಿವೆಗೆ ಬೀಳುವ ಲಾರಿಯನ್ನು ಒಳಮಗ್ಗುಲಿನ ಗುಡ್ಡಕ್ಕೆ ಗುದ್ದಿಸಿ ನಿಲ್ಲಿಸಿದ. ಜೀವ ಉಳಿಯಿತು. ಬಲಗಾಲು ಉಳಿಯಲಿಲ್ಲ.

ಈಗ ಅಣ್ಣನನ್ನು ಬೈಯಬೇಕೆಂದು ನಿಮಗೆ ಅನ್ನಿಸುತ್ತಿದೆ. ಬೈಯಬೇಡಿ. ನಿಮಗಿಂತ ಮೊದಲು, ನಿಮಗಿಂತ ಹೆಚ್ಚು, ಅವನೇ ತನ್ನನ್ನು ಬೈದುಕೊಂಡಿದ್ದ. ತಮ್ಮನಿಗೆ ಏನು ಕಡಿಮೆ ಮಾಡಿದ? ಗಾಳಿ ಬರುವ ಕೋಣೆ ಕೊಟ್ಟ. ಗಾಲಿಕುರ್ಚಿ ಕೊಟ್ಟ. ಟಿವಿ ಕೊಟ್ಟ, ಕಂಪ್ಯೂಟರ್ ಕೊಟ್ಟ. ಹಬ್ಬ ಬಂದರೆ ಹೊಸ ವಸ್ತು, ಹುಣ್ಣಿಮೆ ಬಂದರೆ ಹೊಸ ವಸ್ತು. ಆದರೆ ನೋಡಿ, ಎಲ್ಲವನ್ನೂ ಹೊಸ್ತಿಲಲ್ಲಿ ನಿಂತು ಕೊಟ್ಟ. "ಊಟ ಆತೇನು?" ಎಂದು ಕೇಳುವುದು, ಉತ್ತರ ಬರುವುದರೊಳಗೆ ಬೆನ್ನು ತಿರುಗಿಸುವುದು. ಆ ಖಾಲಿ ಪ್ಯಾಂಟಿನ ಕಾಲನ್ನು ನೋಡುವ ಧೈರ್ಯ ಅವನಿಗಿರಲಿಲ್ಲ. ಅವನ ಹೆಂಡತಿ ಒಮ್ಮೆ ಕೇಳಿಯೇಬಿಟ್ಟಳು: "ಸಾಮಾನ ಹೊತಗೊಂಡು ಹೊಸ್ತಿಲ ತನಕ ಬರ್ತೀರಿ. ಒಳಗ ಒಂದು ಹೆಜ್ಜಿ ಇಟ್ರ ಕಾಲು ಸವೀತಾವೇನು?" ಅವನು ಸಾಮಾನನ್ನು ಹೊಸ್ತಿಲಲ್ಲಿ ಇಳಿಸಿ ಆಫೀಸಿನ ದಾರಿ ಹಿಡಿದ.

ಇತ್ತ ತಮ್ಮ ಏನು ಮಾಡುತ್ತಿದ್ದ? ಆ ಕಂಪ್ಯೂಟರಿನಲ್ಲಿ ಲಾರಿ ಓಡಿಸುವ ಆಟವೊಂದಿತ್ತು. ಮೇಜಿಗೆ ಸ್ಟೇರಿಂಗಿನಂಥ ಚಕ್ರ ಬಿಗಿಸಿಕೊಂಡ, ಬ್ರೇಕನ್ನು ಕೈಯಿಂದಲೇ ಒತ್ತುವ ಹಾಗೆ ಮಾಡಿಕೊಂಡ, ದಿನವೂ ಓಡಿಸಿದ. ನಗಬೇಡಿ. ಜಪ ಮಾಡುವವನ ಕೈಯಲ್ಲಿರುವುದೂ ಬರಿಯ ಮಣಿಯೇ; ಬೆರಳು ಎಲ್ಲಿಗೆ ಹೋಗುತ್ತಿದೆ ಎನ್ನುವುದು ಅವನಿಗೆ ಗೊತ್ತು. ಆ ಆಟದಲ್ಲಿ ಎಲ್ಲ ದಾರಿಗಳೂ ಇದ್ದವು. ಆದರೆ ತಮ್ಮ ಓಡಿಸುತ್ತಿದ್ದದ್ದು ಒಂದೇ ದಾರಿ, ಘಟ್ಟದ ದಾರಿ. ಘಟ್ಟದ ಬುಡದಲ್ಲಿ ಒಂದು ಚಹಾದ ಅಂಗಡಿ. ಅಂದು ಅವನು ಮುಟ್ಟದೆ ಉಳಿದದ್ದು ಅಂಥದ್ದೇ ಒಂದು ಅಂಗಡಿಯನ್ನು. ಒಮ್ಮೆ, ಒಂದೇ ಒಂದು ಸಲ, ಲಾರಿಯನ್ನು ಕೆಳಗೆ ಮುಟ್ಟಿಸಬೇಕು. ಇಷ್ಟೇ ಅವನ ಆಸೆ.

ಆದರೆ ಕಂಪ್ಯೂಟರಿಗೂ ವಯಸ್ಸಾಗಿತ್ತು. ತಿರುವು ಬಂದೊಡನೆ ಚಿತ್ರ ನಿಂತುಬಿಡುತ್ತಿತ್ತು. ಮತ್ತೆ ಚಲಿಸುವ ಹೊತ್ತಿಗೆ ಲಾರಿ ಕಣಿವೆಯಲ್ಲಿ ಇರುತ್ತಿತ್ತು. ದಿನವೂ ತಿರುವು, ದಿನವೂ ಕಣಿವೆ. ಅವನು ದಿನವೂ ಬೀಳುತ್ತಿದ್ದ.

ಅಣ್ಣನ ಹೆಂಡತಿ ಇದನ್ನು ನೋಡಿ ಗಂಡನಿಗೆ ಹೇಳಿದಳು: "ನಿಮ್ಮ ತಮ್ಮಗ ಘಟ್ಟ ಇಳಿಯಾಕ ಆಗವಲ್ದು. ಯಂತ್ರ ಹಳೇದಾಗೈತಿ." ಎರಡು ಮಾತು ಹೇಳಿದಳು. ಅಣ್ಣನ ಕಿವಿಗೆ ಬಿದ್ದದ್ದು ಎರಡನೆಯದು ಮಾತ್ರ.

ಮರುದಿನವೇ ಅಂಗಡಿಗೆ ಹೋದ. ಚಿತ್ರ ನಿಲ್ಲದಿರಲು ಏನು ಬೇಕು? ಗ್ರಾಫಿಕ್ಸ್ ಕಾರ್ಡ್ ಬೇಕು ಎಂದರು. ಏನದು ಗ್ರಾಫಿಕ್ಸ್ ಕಾರ್ಡ್? ತಾಯಂದಿರಿಗೆ ಹೇಳುತ್ತೇನೆ: ಅದು ಕಂಪ್ಯೂಟರಿನ ಹೊಟ್ಟೆಯಲ್ಲಿ ಕೂತ ಪೇಂಟರ್. ಗುಡ್ಡ, ಗಿಡ, ದಾರಿ, ಎಲ್ಲವನ್ನೂ ಕಣ್ಣು ಮಿಟುಕಿಸುವುದರೊಳಗೆ ಬರೆದು ಪರದೆಗೆ ಕಳಿಸುವವನು ಅವನೇ. ಅಂಗಡಿಯವನು ಹಳೆಯ ಪೆಟ್ಟಿಗೆಯನ್ನು ಬಿಚ್ಚಿ ನೋಡಿ ನಿಜವನ್ನೇ ಹೇಳಿದ: "ಸಾಹುಕಾರ್ರ, ಹೊಸಾ ಕಾರ್ಡಿಗೆ ಈ ಪೆಟ್ಟಿಗ್ಯಾಗಿನ ಕರೆಂಟ್ ಸಾಲೂದಿಲ್ಲ. ಇದರ ಪ್ರೊಸೆಸರೂ ಅದರ ಓಟಕ್ಕ ಬರೂದಿಲ್ಲ. ಮಾಡಿಸೂದಾದ್ರ ಪೂರಾ ಹೊಸಾದು ಮಾಡಸ್ರಿ, ಇಲ್ಲಾಂದ್ರ ಹಂಗ ಬಿಡ್ರಿ. ನಡುವ ರೊಕ್ಕಾ ಸುರೀಬ್ಯಾಡ್ರಿ."

ಅದಕ್ಕೆ ಸಾಹುಕಾರ ಏನೆಂದ ಗೊತ್ತೇ? "ಪೆಟ್ಟಿಗಿ ಅದ ಇರ್ಲಿ. ಚಾಸಿ ಗಟ್ಟಿ ಐತಿ. ಮ್ಯಾಲಿಂದಷ್ಟ ಭಾರೀದು ಹಾಕ್ರಿ."

ಇಲ್ಲಿ ಶಾಸ್ತ್ರಿಗಳು ಮಾತು ನಿಲ್ಲಿಸಿದರು. ಮೌಲಾಲಿ ತಲೆ ತಗ್ಗಿಸಿ ಉಗುರಿನ ಸಂದಿಯ ಬಣ್ಣವನ್ನು ಕೆರೆಯುತ್ತಿದ್ದ.

ನೋಡಿ, ರೊಕ್ಕ ಇಲ್ಲದೆ ಹಾಗೆ ಅಂದನೇ? ಇಲ್ಲ. ಪ್ರೀತಿ ಇಲ್ಲದೆ ಅಂದನೇ? ಅದೂ ಇಲ್ಲ. ರೂಢಿ ಹಾಗೆ ಅನ್ನಿಸಿತು. ಕೆಳಗೆ ಏನು ಸವೆದಿದೆ ಎಂದು ಬಗ್ಗಿ ನೋಡುವ ರೂಢಿ ಅವನಿಗಿರಲಿಲ್ಲ.

ಕಾರ್ಡು ಬಂತು. ಅಂಗಡಿಯ ಆಳು ಬಂದು ಜೋಡಿಸಿದ. ಅಣ್ಣ ಎಂದಿನಂತೆ ಹೊಸ್ತಿಲಲ್ಲಿ ನಿಂತ. ಪರದೆ ಬೆಳಗಿತು. ಏನು ಚೆಂದ ಅಂತೀರಿ! ಗಿಡದ ಒಂದೊಂದು ಎಲೆ ಬೇರೆ, ಕಲ್ಲಿನ ಮೇಲೆ ಬಿಸಿಲು ಬೇರೆ. "ಅಯ್ಯ, ಖರೇ ಘಟ್ಟನ ಮನ್ಯಾಗ ಬಂತಲ್ಲ," ಎಂದಳು ಅಣ್ಣನ ಹೆಂಡತಿ. ತಮ್ಮ ಗೇರು ಹಾಕಿದ. ಮೊದಲ ತಿರುವು ಬಂತು, ದಾಟಿತು. ಅಣ್ಣನ ಮುಖ ಅರಳಿತು. ಎರಡನೆಯ ತಿರುವಿಗೆ ಪರದೆ ಕಪ್ಪಾಯಿತು. ಯಂತ್ರವೇ ಆರಿಹೋಯಿತು. ಮತ್ತೆ ಹಚ್ಚಿದರು, ಮತ್ತೆ ಆರಿತು. ಮೊದಲು ಲಾರಿ ಕಣಿವೆಗಾದರೂ ಬೀಳುತ್ತಿತ್ತು. ಈಗ ದಾರಿಯೇ ಇಲ್ಲ.

ತಮ್ಮನಿಗೆ ನಗು ಬಂತು. ಡ್ರೈವರನ ಬಾಯಿ, ತಮಾಷೆಗೆ ಅಂದುಬಿಟ್ಟ: "ಹಳೇ ಚಾಸಿಗೆ ಮತ್ತ ಹೊಸಾ ಬಾಡಿ ಕಟ್ಟಿಸಿದೇನಣ್ಣಾ?"

ಅಂದ ಮೇಲೆ ತಾನು ಏನಂದೆ ಎಂದು ಅವನಿಗೇ ತಿಳಿಯಿತು. ಅಣ್ಣ ಬಾಗಿಲ ಚೌಕಟ್ಟನ್ನು ಹಿಡಿದುಕೊಂಡ. "ನಾಳೆ ಪೂರಾ ಹೊಸಾದ ತರ್ತೀನಿ," ಎಂದ.

"ತಂದ್ರ ತಾ, ಬ್ಯಾಡ ಅನ್ನಂಗಿಲ್ಲ. ಅದನ್ನೂ ಅಲ್ಲೇ ನಿಂತು ಕೊಡ್ತಿ, ಹೌದಿಲ್ಲೋ?" ತಮ್ಮ ಅವನ ಕಡೆ ತಿರುಗಲಿಲ್ಲ. ಕೈ ಚಕ್ರದ ಮೇಲೆಯೇ ಇತ್ತು. "ಅಣ್ಣಾ, ನನ್ನ ಗಾಡ್ಯಾಗ ಎಡಗಡೆ ಸೀಟ್ ಖಾಲಿ ಐತಿ."

ಎಷ್ಟು ದೂರ ಹೇಳಿ, ಹೊಸ್ತಿಲಿನಿಂದ ಆ ಮೇಜಿಗೆ? ಲಾರಿಗಳನ್ನು ದೇಶದ ತುದಿಗೆ ಕಳಿಸಿದವನಿಗೆ ಆ ದೂರ ಕಷ್ಟವಾಯಿತು. ಆದರೂ ಬಂದ. ತಮ್ಮನ ಎಡಕ್ಕೆ ಸ್ಟೂಲು ಎಳೆದುಕೊಂಡು ಕೂತ. ಆಳು ಹೊಸ ಕಾರ್ಡನ್ನು ತೆಗೆದು ಹಳೆಯದನ್ನು ಹಾಕಿಕೊಟ್ಟ. ತಮ್ಮ ಆಟದೊಳಗಿನ ಅಲಂಕಾರಗಳನ್ನು ಒಂದೊಂದಾಗಿ ತೆಗೆದುಹಾಕಿದ: ಎಲೆ ಬೇಡ, ನೆರಳು ಬೇಡ, ದೂರದ ಗುಡ್ಡ ಬೇಡ. ಯಂತ್ರದ ಮೇಲಿನ ಹೊರೆ ಇಳಿಯಿತು.

"ಎಲ್ಲಾ ಬೋಳಾತಲ್ಲೋ," ಎಂದ ಅಣ್ಣ.

"ದಾರಿ ಐತೆಲ್ಲ."

"ಮತ್ತ ಇಷ್ಟು ದಿನಾ ಯಾಕ ಹಿಂಗ ಮಾಡ್ಲಿಲ್ಲ?"

"ಒಬ್ಬನೇ ಹೋಗಾವಗ ಗಿಡಗಂಟಿಯಾದ್ರೂ ಜೋಡಿಗೆ ಇರ್ಲಿ ಅನಸ್ತಿತ್ತು."

ಅಣ್ಣ ಸ್ಟೂಲನ್ನು ಇನ್ನಷ್ಟು ಹತ್ತಿರಕ್ಕೆ ಎಳೆದುಕೊಂಡ. ಲಾರಿ ಘಟ್ಟದ ನೆತ್ತಿಯ ಮೇಲೆ ನಿಂತಿತ್ತು. ಆಗ ಅವನು ಒಂದು ಪ್ರಶ್ನೆ ಕೇಳಿದ. ಆ ಆಯುಧಪೂಜೆಯ ಮರುದಿನ ಕೇಳಬೇಕಾಗಿದ್ದ ಪ್ರಶ್ನೆ. "ಬ್ರೇಕ್ ಹಿಡೀತಾವೇನೋ?"

ತಮ್ಮ ಲಾರಿಯನ್ನು ಸ್ವಲ್ಪ ಮುಂದೆ ಬಿಟ್ಟು ಬ್ರೇಕ್ ಒತ್ತಿದ. ಲಾರಿ ನಿಂತಿತು. ಕಣ್ಣೊರೆಸಿಕೊಂಡು ಹೇಳಿದ: "ಹಿಡೀತಾವಣ್ಣಾ."

ಅಣ್ಣ ಮೇಜಿಗೆ ಕೈ ಬಡಿದ. "ಹಂಗಾರ ಹೋಗ್ಲಿ. ರೈಟ್."

ಶಾಸ್ತ್ರಿಗಳು ನೀರು ಕುಡಿಯಲು ತಂಬಿಗೆ ಎತ್ತಿಕೊಂಡರು. ಹೆಣ್ಣುಮಕ್ಕಳ ಸಾಲಿನಿಂದ ಒಬ್ಬಾಕೆ ತಡೆಯಲಾರದೆ ಕೇಳಿದಳು: "ಕೆಳಗ ಮುಟ್ಟಿದ್ರೇನ್ರಿ?"

"ಮುಟ್ಟಿದ್ರವ್ವಾ. ಚಹಾದಂಗಡಿ ಮುಂದನ ನಿಲ್ಲಿಸಿದ್ರು. ಆಟದಾಗಿನ ಅಂಗಡ್ಯಾಗ ಚಹಾ ಎಲ್ಲಿ ಸಿಗಬೇಕು? ಅಡಗಿಮನಿಂದ ಅಣ್ಣನ ಹೇಣ್ತೀನ ತಂದು ಕೊಟ್ಲು," ಎಂದರು. ತಂಬಿಗೆಯನ್ನು ಕೆಳಗಿಟ್ಟು ಸಭೆಯ ಕಡೆ ತಿರುಗಿದರು.

ಈಗ ನೀವು ಕೇಳುತ್ತೀರಿ: ಹಾಗಾದರೆ ಹಳೆಯ ಕಂಪ್ಯೂಟರಿಗೆ ಹೊಸ ಕಾರ್ಡು ಹಾಕಿಸಬಾರದೇ? ಹಾಕಿಸಿ, ಯಾರು ಬೇಡ ಎಂದರು? ಹೊರುವ ಶಕ್ತಿ ಒಳಗಿದ್ದರೆ ಹಾಕಿಸಿ. ಇಲ್ಲದಿದ್ದರೆ ಆ ರೊಕ್ಕ ಕಣಿವೆಗೆ ಹಾಕಿದ್ದೇ. ಆದರೆ ನಾನು ಬರಿಯ ಯಂತ್ರದ ಮಾತು ಆಡಿದೆನೇ? ನಿಮ್ಮ ಮನೆಯಲ್ಲಿಯೂ ಒಬ್ಬರು ಘಟ್ಟದ ಮೇಲೆ ನಿಂತಿದ್ದಾರೆ. ಹೆಂಡತಿ ಇರಬಹುದು, ಮಾತು ಬಿಟ್ಟ ತಮ್ಮನಿರಬಹುದು, ನಿಮ್ಮ ಡ್ರೈವರ್ ಇರಬಹುದು. ಅವರಿಗೆ ನೀವು ಕೊಟ್ಟೇ ಕೊಡುತ್ತೀರಿ, ನಾನು ಬಲ್ಲೆ. ಕೊಡದವರು ನೀವಲ್ಲ. ಆದರೆ ಎಲ್ಲಿ ನಿಂತು ಕೊಡುತ್ತೀರಿ? ಹೊಸ್ತಿಲಲ್ಲಿ ನಿಂತು ಕೊಡುತ್ತೀರಿ. ಮೇಲಿನದನ್ನು ಕೊಡುತ್ತೀರಿ. ಸವೆದದ್ದು ಕೆಳಗೆ ಹಾಗೆಯೇ ಉಳಿಯುತ್ತದೆ.

ಆದ್ದರಿಂದ ಇಂದು ಮನೆಗೆ ಹೋದ ಮೇಲೆ ಏನನ್ನೂ ಕೊಳ್ಳಬೇಡಿ. ಯಾರ ನೋವಿನ ಕೋಣೆಗೆ ಹೋಗಲು ನಿಮಗೆ ಅಂಜಿಕೆಯೋ, ಆ ಕೋಣೆಗೆ ಬರಿಗೈಯಲ್ಲಿ ಹೋಗಿ. ಅವರ ಎಡಕ್ಕೆ ಕೂರಿ. 'ನಿನಗೇನು ಬೇಕು' ಎಂದು ಕೇಳಬೇಡಿ. ಹಾಗೆ ಕೇಳಿದರೆ ಅವರು ಒಂದು ಸಾಮಾನಿನ ಹೆಸರು ಹೇಳಿ ನಿಮ್ಮನ್ನು ಬಿಡುಗಡೆ ಮಾಡುತ್ತಾರೆ. 'ಬ್ರೇಕು ಹಿಡಿಯುತ್ತಿದೆಯೇ' ಎಂದು ಕೇಳಿ. ಕೇಳಿ, ಉತ್ತರ ಬರುವ ತನಕ ಕೂರಿ. ಉತ್ತರ ಬರುವ ಮೊದಲೇ ಏಳುವುದಿದೆಯಲ್ಲ, ಅದನ್ನು ಇಂದಿನಿಂದ ಬಿಡಿ.

ಇಷ್ಟು ಹೇಳಿ ಶಾಸ್ತ್ರಿಗಳು ಕಣ್ಣು ಮುಚ್ಚಿ ಕೈಮುಗಿದರು. ಮಂಗಳಾರತಿಯಾಯಿತು. ಜನ ಪ್ರಸಾದದ ಗೋಧಿಹುಗ್ಗಿಯನ್ನು ತಿಂದು, ಕೈ ತೊಳೆದು, ಚಪ್ಪಲಿ ಹುಡುಕಿಕೊಂಡು ಮನೆಯ ದಾರಿ ಹಿಡಿದರು. ಮೌಲಾಲಿ ಬಯಲಿನ ಅಂಚಿನಲ್ಲಿ ನಿಂತಿದ್ದ ಲಾರಿಯೊಂದರ ಮುಂದೆ, ತಾನೇ ಬರೆದ ನವಿಲಿನ ಎದುರು ತುಸು ನಿಂತು, ಆಮೇಲೆ ಬಗ್ಗಿ ಗಾಲಿಯ ಒಳಗಡೆ ನೋಡಿ ಹೋದ. ಮಾಲೀಕರು ತಮ್ಮ ಚಾಲಕರ ಜೊತೆ ತಗ್ಗಿದ ದನಿಯಲ್ಲಿ ಮಾತಾಡುತ್ತ ನಡೆದರು. ಬಯಲಿನಲ್ಲಿ ಲಾರಿಗಳು ಹೊರಡುವ ಮುನ್ನ ಒಂದಾದ ಮೇಲೊಂದರಂತೆ ಬ್ರೇಕಿನ ಗಾಳಿ ಉಸ್ಸೆಂದು ಬಿಡುವ ಸದ್ದು ಕೇಳಿತು.