ಹದಿನಾಲ್ಕನೇ ಕೋಣೆಯಲ್ಲಿ ಸತ್ತವನು

ನಮ್ಮ ಮನೆಗೂ ವೆಲ್ಡರನ ಮನೆಗೂ ಇರುವುದು ಒಂದೇ ಗೋಡೆ. ಅಲ್ಲಿ ಕೆಮ್ಮಿದರೆ ಇಲ್ಲಿ ಕೇಳಿಸುತ್ತದೆ. ಹಾಗಾಗಿ ಇದು ಅವರಿವರು ಹೇಳಿದ್ದಲ್ಲ, ಅವನ ಬಾಯಿಂದಲೇ ಬಂದದ್ದು. ಬಾಗಿಲು ಹಾಕಿದಿರಾ? ಸರಿ, ಕೇಳಿ.

ಆಗ ಅವನು ಹೊರದೇಶದಲ್ಲಿದ್ದ. ದೊಡ್ಡ ಪಂದ್ಯಾವಳಿಗೆ ಅಂತ ಅಲ್ಲಿ ಸ್ಟೇಡಿಯಂ ಕಟ್ಟುತ್ತಿದ್ದರು. ಅದರ ಚಾವಣಿಯ ಮೇಲೆ ಇವನ ಕೆಲಸ. ಅವತ್ತು ರಾತ್ರಿ ಪಾಳಿ ಮುಗಿಸಿ ಕೆಳಗಿಳಿಯುವಷ್ಟರಲ್ಲಿ ಕಂಪನಿ ಬಸ್ಸು ಹೋಗಿಬಿಟ್ಟಿತ್ತು. ಕ್ಯಾಂಪಿಗೆ ಮುಕ್ಕಾಲು ಗಂಟೆಯ ದಾರಿ. ನಡೆದ. ತಗಡಿನ ಬೇಲಿ ಮುಗಿದಲ್ಲಿ ಒಂದು ಹಾಳುಬಾವಿ. ಅದರ ಬಾಯಿಗೆ ಕಬ್ಬಿಣದ ಜಾಲರಿ ಬೆಸೆದವನೂ ಅವನೇ. ಬಾವಿ ದಾಟಿ ಹತ್ತು ಹೆಜ್ಜೆ ಇಟ್ಟಿರಬೇಕು...

ಸರ್ರ್... ಟಣ್.

ನಿಂತ. ಗಾಳಿ ಇಲ್ಲ. ಮತ್ತೆ ಹೆಜ್ಜೆ ಎತ್ತಿಟ್ಟ.

ಸರ್ರ್... ಟಣ್. ಸರ್ರ್... ಟಣ್.

ಅವನಿಗೆ ಚೆನ್ನಾಗಿ ಪರಿಚಯವಿದ್ದ ಸದ್ದು. ಎತ್ತರದಲ್ಲಿ ಕೆಲಸ ಮಾಡುವವರು ಮೈಗೆ ಬಿಗಿದುಕೊಳ್ಳುವ ಪಟ್ಟಿಗೆ ಒಂದು ಕೊಕ್ಕೆ ಇರುತ್ತದೆ. ಅದನ್ನು ಎಲ್ಲಿಗೂ ಸಿಕ್ಕಿಸದೆ ನಡೆದರೆ ನೆಲದ ಮೇಲೆ ಎಳೆದುಕೊಂಡು, ಕಲ್ಲಿಗೆ ತಾಗಿ, ಹೀಗೇ ಸದ್ದು ಮಾಡುತ್ತದೆ.

"ಯಾರದು?" ಅಂದ.

"ಭಾವ..." ಹಿಂದಿನಿಂದ ಪಿಸುದನಿ. "ನಾನು ಸತ್ತಿದ್ದು ಎಲ್ಲಿ?"

ಅಷ್ಟೇ. ವೆಲ್ಡರ್ ಕಾಲಿಗೆ ಬುದ್ಧಿ ಹೇಳಿದ. ಕ್ಯಾಂಪಿನ ಗೇಟು ಬರುವ ತನಕ ತಿರುಗಿ ನೋಡಲಿಲ್ಲ.

ಆ ದೇಶದಲ್ಲಿ ಅವನನ್ನು ಭಾವ ಅನ್ನುವವನು ಒಬ್ಬನೇ ಇದ್ದ. ಹೆಂಡತಿಯ ತಮ್ಮ. ಕೆಲಸ ಮಾಡುವಾಗ ಬಾಯಲ್ಲಿ ಸದಾ ಏನೋ ಒಂದು ರಾಗ ಊದುತ್ತಿದ್ದ, ಅದಕ್ಕೆ ಎಲ್ಲರಿಗೂ ಅವನು ಪೀಪಿ. "ನನ್ನ ಜೊತೆ ಇರ್ತಾನೆ, ನಾನು ನೋಡ್ಕೋತೀನಿ ಬಿಡು" ಅಂತ ಹೆಂಡತಿಗೆ ಮಾತು ಕೊಟ್ಟು ಅವನನ್ನು ಕರೆದುಕೊಂಡು ಹೋದವನು ವೆಲ್ಡರನೇ. ಒಂದೇ ಕೋಣೆ, ಒಂದರ ಮೇಲೊಂದು ಮಂಚ. "ಭಾವ, ನಿಮ್ಮ ಗೊರಕೆಗೆ ಸ್ಟೇಡಿಯಂ ಅಲ್ಲಾಡ್ತಿದೆಯಂತೆ, ಇಂಜಿನಿಯರ್ ಕೇಳ್ತಿದ್ರು" ಅಂತ ಮೇಲಿನಿಂದ ಕಿಚಾಯಿಸುತ್ತಿದ್ದ.

ಆ ಪೀಪಿ ಸತ್ತು ಅವತ್ತಿಗೆ ಐದು ದಿನ.

ಸತ್ತದ್ದು ಹೀಗೆ. ಸ್ಟೇಡಿಯಂ ನೋಡಲು ಯಾರೋ ದೊಡ್ಡವರು ಬರುವವರಿದ್ದರು. ಅವರ ಕಣ್ಣಿಗೆ ಎಲ್ಲ ಸರಿಯಾಗಿ ಕಾಣಲಿ ಅಂತ, ಕೊಕ್ಕೆ ಸಿಕ್ಕಿಸುವ ತಂತಿಹಗ್ಗವನ್ನು ಇವರಿದ್ದ ಕಡೆಯಿಂದ ಬಿಚ್ಚಿ, ಅವರು ನೋಡುವ ಕಡೆ ಕಟ್ಟಿದರು. ಕೆಲಸ ಮಾತ್ರ ಎರಡೂ ಕಡೆ ನಿಲ್ಲಲಿಲ್ಲ. ಪೀಪಿ ಕೊಕ್ಕೆಯನ್ನು ಕೈಯಲ್ಲಿ ಹಿಡಿದು, "ಇದನ್ನ ಎಲ್ಲಿಗೆ ಹಾಕ್ಲಿ ಭಾವ, ನಿಮ್ಮ ಮೂಗಿಗಾ?" ಅಂದ. ವೆಲ್ಡರ್ ನಗುತ್ತಾ ಮುಖಕ್ಕೆ ಗಾಜು ಎಳೆದುಕೊಂಡ. ಗಾಜು ತೆಗೆದಾಗ ಎದುರಿಗೆ ಯಾರೂ ಇರಲಿಲ್ಲ. ಕೆಳಗೆ, ಸಾಲು ಸಾಲು ಖಾಲಿ ಕುರ್ಚಿಗಳ ಮೇಲೆ... ದಢ್. ಒಂದೇ ಸದ್ದು.

ಫೈಲು ಹಿಡಿದುಕೊಂಡು ಆಫೀಸಿನವನು ಬಂದ. ಬೆಣ್ಣೆಯಂಥ ಮಾತು. ವೆಲ್ಡರನಿಗೆ ನೀರು ಕುಡಿಸಿ, ಹೆಗಲ ಮೇಲೆ ಕೈ ಇಟ್ಟ.

"ನೋಡಿ, ಸೈಟಲ್ಲಿ ಸತ್ತ ಅಂತ ಬರೆದ್ರೆ ವಿಚಾರಣೆ ಆಗುತ್ತೆ. ದೇಹ ಆರು ತಿಂಗಳು ಫ್ರೀಜರಲ್ಲೇ. ಕೋಣೆಯಲ್ಲಿ, ನಿದ್ದೆಯಲ್ಲಿ, ಹೃದಯ ನಿಂತು ಹೋದ ಅಂತಾದ್ರೆ ನಾಲ್ಕೇ ದಿನ. ಮನೆಯವರಿಗೆ ಮುಖ ನೋಡೋಕಾದ್ರೂ ಸಿಗುತ್ತೆ. ನಾನೂ ನಿಮ್ಮವನು ಅಂತ ಹೇಳ್ತಿದೀನಿ."

ನಿಮ್ಮವನು ಅಂದನಲ್ಲ, ವೆಲ್ಡರ್ ಅಲ್ಲೇ ಕರಗಿಹೋದ. ಹದಿನಾಲ್ಕನೇ ಕೋಣೆ, ಮೇಲಿನ ಮಂಚ, ಸಹಜ ಸಾವು. ಸಾಕ್ಷಿ ಅಂತ ಇದ್ದಲ್ಲಿ ಸಹಿ ಹಾಕಿದ. ಹೆಂಡತಿಗೂ ಫೋನಿನಲ್ಲಿ ಅದನ್ನೇ ಹೇಳಿದ. "ನಿದ್ದೆಯಲ್ಲೇ ಹೋದ. ನೋವೇ ಆಗ್ಲಿಲ್ಲ." ಅವಳು ಅಳುತ್ತಲೇ, "ಅಷ್ಟಾದ್ರೂ ಪುಣ್ಯ ಮಾಡಿದ್ದ" ಅಂದಳು.

ಈಗ ಆ ರಾತ್ರಿಗೆ ಬನ್ನಿ. ಓಡಿ ಬಂದವನು ಬೂಟು ಕೂಡ ಬಿಚ್ಚದೆ ಮಂಚದಲ್ಲಿ ಬಿದ್ದುಕೊಂಡ. ಮೈಯೆಲ್ಲ ಕಿವಿ. ಮೇಲಿನ ಮಂಚದ ಹಾಸಿಗೆಯನ್ನು ಪೀಪಿ ಸತ್ತ ದಿನವೇ ತೆಗೆದುಕೊಂಡು ಹೋಗಿದ್ದರು, ಬರೀ ಹಲಗೆ ಉಳಿದಿತ್ತು. ಸ್ವಲ್ಪ ಹೊತ್ತಿಗೆ...

ಕಿರ್ರ್.

ಹಲಗೆ ಅವನ ಮೂಗಿನ ಮೇಲೇ, ಭಾರ ಬಿದ್ದಂತೆ, ನಿಧಾನವಾಗಿ ಕೆಳಕ್ಕೆ ಬಾಗಿತು.

"ಕೇಳಿಸ್ತಾ?" ಎದುರು ಮಂಚದ ಪೇಂಟರ್ ಪಿಸುಗುಟ್ಟಿದ. ಕೋಣೆಯಲ್ಲಿ ಎಲ್ಲರಿಗಿಂತ ಹಿರಿಯ ಅವನು.

"ಹ್ಞೂಂ..."

"ಮೂರು ರಾತ್ರಿಯಿಂದ ಬರ್ತಿದಾನೆ. ನೀನು ಮಲಗಿರ್ತಿದ್ದೆ."

"ಬಿದ್ದಿದ್ದು ಅಲ್ಲಿ. ಇಲ್ಲಿಗೆ ಯಾಕೆ ಬರ್ತಾನೆ?"

ಪೇಂಟರ್ ಗೋಡೆಯ ಕಡೆ ಹೊರಳಿಕೊಂಡು ಹೇಳಿದ.

"ಇಲ್ಲೇ ಸತ್ತ ಅಂತ ನೀನೇ ಬರ್ಕೊಟ್ಟಿದೀಯಲ್ಲಪ್ಪಾ."

ನಾಲ್ಕು ದಿನ ಅಂದದ್ದು ಎಂಟಾಯಿತು. ದೇಹ ಕದಲಲಿಲ್ಲ. ಆಫೀಸಿನವನು ಫೋನ್ ಎತ್ತಲಿಲ್ಲ, ಎದುರು ಸಿಕ್ಕರೆ ಮುಖದ ಗುರುತೇ ಇಲ್ಲದವನ ಹಾಗೆ ಹೋದ. ಒಂದು ಸಂಜೆ ಊಟದ ಹಾಲಿನ ಟಿವಿಯಲ್ಲಿ ಕೋಟು ಹಾಕಿಕೊಂಡವರೊಬ್ಬರು ಕಾಣಿಸಿಕೊಂಡರು. ಈ ಸ್ಟೇಡಿಯಂ ಕಟ್ಟುವಾಗ ಜೀವ ಹೋದದ್ದು ಮೂವರದು ಮಾತ್ರ, ಉಳಿದವೆಲ್ಲ ಸಹಜ ಸಾವು, ಹೊರಗಿನವರು ಹೇಳುವ ನೂರಾರು ಅನ್ನುವ ಲೆಕ್ಕ ಶುದ್ಧ ಸುಳ್ಳು ಅಂದರು. ಇನ್ನೂರು ಜನ ಕೂತ ಹಾಲಿನಲ್ಲಿ ಒಂದು ತಟ್ಟೆಯೂ ಸದ್ದು ಮಾಡಲಿಲ್ಲ.

"ನಮ್ಮ ಸಾಲಿನ ಕೋಣೆಗಳಿಂದಲೇ ಐವರು ಹೋದ್ರಲ್ಲ..." ಅಂದ ಪೇಂಟರ್, ಯಾರಿಗೆ ಅಂತಿಲ್ಲದೆ.

ವೆಲ್ಡರ್ ತಟ್ಟೆ ಸರಿಸಿ ಎದ್ದ. ನಂಬಿಸಿ ಕತ್ತು ಕೊಯ್ದಿದ್ದರು, ಅದೂ ಅವನ ಕೈಯಿಂದಲೇ. ಪೀಪಿಯನ್ನು ಆ 'ಉಳಿದವೆಲ್ಲ' ಅನ್ನುವ ರಾಶಿಗೆ ತಳ್ಳಿದ್ದು ಇವನ ಸಹಿ.

ಅವತ್ತು ಪಾಳಿ ಮುಗಿದ ಮೇಲೆ ಬೇಕಂತಲೇ ಬಸ್ಸು ಬಿಟ್ಟ. ಬಾವಿಯ ಹತ್ತಿರ ಬಂದು ನಿಂತ. ಎಷ್ಟು ಹೊತ್ತು ನಿಂತನೋ. ಕಡೆಗೆ ಬಂತು.

ಸರ್ರ್... ಟಣ್.

ತಿರುಗಲಿಲ್ಲ. ಕೇಳುವ ಮೊದಲೇ ಇವನೇ ಶುರು ಮಾಡಿದ.

"ಚಾವಣಿಯಿಂದ ಬಿದ್ದೆ ಕಣೋ. ಹಗ್ಗ ಬಿಚ್ಚಿದ್ರು. ನಾನು ಪಕ್ಕದಲ್ಲೇ ಇದ್ದೆ. ಆಮೇಲೆ... ಇರ್ಲಿಲ್ಲ ಅಂತ ಬರ್ಕೊಟ್ಟೆ."

ದೂರದಲ್ಲಿ ಜನರೇಟರಿನ ಗುಂಯ್ ಅನ್ನುವ ಸದ್ದು ಮಾತ್ರ. ಆಮೇಲೆ, ಕಿವಿಯ ಪಕ್ಕದಲ್ಲೇ:

"ಅಕ್ಕನಿಗೆ ಹೇಳಿದ್ರಾ?"

ತಿರುಗಿದ. ರಸ್ತೆ ಖಾಲಿ.

ಅಲ್ಲೇ ನಿಂತು ಹೆಂಡತಿಗೆ ಫೋನ್ ಮಾಡಿದ. ನಡುರಾತ್ರಿಯಲ್ಲಿ ಎಬ್ಬಿಸಿ ಹೇಳಿದ.

"ಅವನು ನಿದ್ದೆಯಲ್ಲಿ ಹೋಗ್ಲಿಲ್ಲ. ಬಿದ್ದ."

ಅತ್ತ ಕಡೆ ಅವಳು ಎದ್ದು ಕೂತ ಸದ್ದು.

"ಮತ್ತೆ ಕಾಗದದಲ್ಲಿ ಹಾಗೆ ಬರೆದಿದಾರಂತಲ್ಲ?"

"ಅದಕ್ಕೆ ಸಹಿ ಹಾಕಿದ್ದು ನಾನೇ."

"ಅವನನ್ನ ನಿಮ್ಮ ಕೈಗೆ ಕೊಟ್ಟಿದ್ದೆ ಅಲ್ವೇನ್ರೀ..." ಅಂದಳು. ಫೋನ್ ಕಟ್ಟಾಯಿತು.

ಆ ರಾತ್ರಿ ಮೇಲಿನ ಹಲಗೆ ಸದ್ದು ಮಾಡಲಿಲ್ಲ. ಆಮೇಲೆ ಯಾವತ್ತೂ ಮಾಡಲಿಲ್ಲ.

ಸತ್ತವರ ಹೆಸರು ಕಲೆಹಾಕುವ ಒಬ್ಬ ಹೆಂಗಸು ಕ್ಯಾಂಪಿನ ಹೊರಗಿನ ಅಂಗಡಿಯ ಹತ್ತಿರ ಬರುತ್ತಿದ್ದಳು. ಅವಳನ್ನು ಕಂಡರೆ ಎಲ್ಲರೂ ದಾರಿ ಬದಲಿಸುತ್ತಿದ್ದರು, ವೆಲ್ಡರ್ ಕೂಡ. ಈ ಸಲ ಅವನೇ ಹೋಗಿ ಎಲ್ಲ ಹೇಳಿದ. ಮೂರನೇ ದಿನಕ್ಕೆ ನಡತೆ ಸರಿಯಿಲ್ಲ ಅಂತ ಅವನನ್ನು ವಿಮಾನ ಹತ್ತಿಸಿದರು. ಪೀಪಿಯ ದೇಹ ಬಂದದ್ದು ಅದಕ್ಕೂ ಒಂದು ವಾರದ ಮೇಲೆ. ಹೆಂಡತಿ ಗಂಡನಿಗೆ ಬಾಗಿಲು ತೆಗೆದಳು, ಊಟ ಬಡಿಸಿದಳು, ಮಾತಾಡಲಿಲ್ಲ. ಗೋಡೆಯಾಚೆಯಿಂದ ನಮಗೆ ಒಂದು ವರ್ಷ ಅವನದೊಂದೇ ದನಿ ಕೇಳಿಸುತ್ತಿತ್ತು. ಈಗೀಗ ಅವಳು ಹೂಂ, ಉಹೂಂ ಅನ್ನುತ್ತಾಳೆ.

ಪಂದ್ಯಾವಳಿಯೆಲ್ಲ ಮುಗಿದ ಮೇಲೆ ಆ ಹೆಂಗಸಿನಿಂದ ಒಂದು ಲಕೋಟೆ ಬಂತು. ಪೀಪಿ ಅವತ್ತು ಕೆಲಸದ ಮೇಲಿದ್ದನೋ ಇಲ್ಲವೋ ಅಂತ ಅವಳು ಕಂಪನಿಯನ್ನು ಬಿಡದೆ ಕೇಳಿದ್ದಳು. ಇರಲಿಲ್ಲ ಅನ್ನುವುದಕ್ಕೆ ಅವರು ಪುರಾವೆ ಕಳಿಸಿದ್ದರು. ಸೈಟಿನ ಗೇಟಿನಲ್ಲಿ ಹೆಬ್ಬೆರಳು ಒತ್ತುವ ಯಂತ್ರದ ಹಾಜರಿ ಹಾಳೆ. ಬಿದ್ದ ದಿನದ ಸಾಲು ಖಾಲಿ. ಅದನ್ನು ಅಳಿಸಿದವರು ಕೆಳಗಿನ ಸಾಲುಗಳನ್ನು ನೋಡಲಿಲ್ಲವೋ ಏನೋ. ಮಾರನೆಯ ದಿನದಿಂದ ವೆಲ್ಡರ್ ಬಾವಿಯ ಹತ್ತಿರ ನಿಜ ಹೇಳಿದ ರಾತ್ರಿಯ ತನಕ, ಹನ್ನೊಂದು ರಾತ್ರಿ ಪೀಪಿಯ ಹೆಬ್ಬೆರಳಿನ ಗುರುತು ಬಿದ್ದಿದೆ. ಆ ಹನ್ನೊಂದು ರಾತ್ರಿಯೂ ಅವನ ದೇಹ ಆಸ್ಪತ್ರೆಯಲ್ಲಿ, ಬೀಗ ಹಾಕಿದ ಫ್ರೀಜರಿನೊಳಗಿತ್ತು. ಕೇಳಿದರೆ ಯಂತ್ರದ ದೋಷ ಅಂದರಂತೆ.

ನಂಬುವುದು ಬಿಡುವುದು ನಿಮಗೆ ಸೇರಿದ್ದು. ಹಾಳೆ ಅವರ ಬೀರುವಿನಲ್ಲಿದೆ, ನಾನೇ ಕೈಯಲ್ಲಿ ಹಿಡಿದು ನೋಡಿದ್ದೇನೆ. ಒಳಗೆ ಹೋದ ಹೊತ್ತು ಹನ್ನೊಂದು ಸಲ ಇದೆ. ಹೊರಗೆ ಬಂದ ಹೊತ್ತು... ಒಂದು ಸಲವೂ ಇಲ್ಲ.