ಬೆಕ್ಕು ಬಿಟ್ಟ ಸೇಬಿನ ಮರ

...ಅಲ್ಲ ಕಣಮ್ಮ, ಬೆಕ್ಕು ಆಮೇಲೆ, ಮೊದ್ಲು ಬಂದಿದ್ದು ಮರ. ತಡಿ ತಡಿ, ಅದೂ ತಪ್ಪು. ಗೂಡಮ್ಮ ಮರಕ್ಕಿಂತ ಮುಂಚೆ ಬಂದ್ಲು, ಬಸ್ಸಪ್ಪ ಮರ ನೆಟ್ಟಾದ್ಮೇಲೆ ಬಂದ. ಹ್ಞಾ, ಹಂಗೆ. ಚಿನ್ನು, ನೀನು ಎಲೆ ಕೀಳ್ತಾನೇ ಕೇಳು, ಕೈ ನಿಲ್ಲಿಸ್ಬೇಡ. ಹಂಗೆ ಹಿಂದಕ್ಕೆ ಜಗ್ಗಬೇಡ ಕಣೇ, ಎಲೆ ಬುಡದಲ್ಲಿ ಒಂದು ಕಣ್ಣು ಇರ್ತದೆ ನೋಡು, ಅದು ಕಿತ್ಕೊಂಡು ಬಂದ್ರೆ ಅಲ್ಲಿ ಹೂವೇ ಬರಲ್ಲ. ತೊಟ್ಟು ಬಿಟ್ಟು ಎಲೆ ಮಾತ್ರ ಚಿವುಟು. ಭೂಮಿ, ನೀನು ಜಗಲಿ ಮೇಲೇ ಕೂತ್ಕೊಂಡು ಕೈಗೆ ಸಿಗೋ ಕೊಂಬೆ ಮಾಡು, ಸಾಕು. "ಇಷ್ಟು ಹಸಿರಾಗಿರೋ ಎಲೇನ ಯಾಕಜ್ಜಿ ಕೀಳ್ತೀಯಾ, ಮರಕ್ಕೆ ನೋವಾಗಲ್ವಾ" ಅಂತ ಕೇಳಿದ್ಯಲ್ಲ, ಅದ್ಕೇ ಹೇಳ್ತಿರೋದು. ನಂಗೂ ಗೊತ್ತಿರ್ಲಿಲ್ಲ. ಯಾರಿಗೂ ಗೊತ್ತಿರ್ಲಿಲ್ಲ.

ಆಗ ನಾನು ಶಿಡ್ಲಘಟ್ಟದಲ್ಲಿ ಸಾಬ್ರ ನೂಲಿನ ಕಾರ್ಖಾನೆಗೆ ಹೋಗ್ತಿದ್ದೆ. ರೇಷ್ಮೆ ಗೂಡನ್ನ ಕುದಿಯೋ ನೀರಲ್ಲಿ ಹಾಕಿ, ಬೆರಳು ಬಿಟ್ಟು, ಎಳೆಯ ತುದಿ ಹುಡುಕಿ ಎತ್ತಿ ಕೊಡೋದು. ನೋಡು ಈ ಬೆರಳು, ಇನ್ನೂ ಬೆಳ್ಳಗೇ ಅವೆ. ಕಣ್ಣಿಗೆ ಕಾಣದೇ ಇರೋ ಎಳೆ ಈ ಬೆರಳಿಗೆ ಕಾಣ್ತಿತ್ತು ಗೊತ್ತಾ? ಒಂದಿನ ಗೂಡಿನ ಚೀಲ ಬಿಚ್ಚಿ ಸುರೀತೀನಿ, ಗೂಡಿನ ಜೊತೆ ಒಂದು ಬಿಳೀ ಬೆಕ್ಕಿನ ಮರಿನೂ ಉರುಳಿ ಬಿತ್ತು. ಗೂಡಿನಷ್ಟೇ ಬೆಳ್ಳಗೆ. ಇನ್ನೊಂದು ಚೂರು ಯಾಮಾರಿದ್ದಿದ್ರೆ ಬಿಸಿನೀರಿಗೆ ಹಾಕ್ಬಿಡ್ತಿದ್ದೆ ಕಣ್ರಮ್ಮ. ಮಡಿಲಲ್ಲಿ ಹಾಕ್ಕೊಂಡು ಬಂದೆ. ಅವಳೇ ಗೂಡಮ್ಮ. ಸಾಕೋದೇನು ಕಷ್ಟ ಇರ್ಲಿಲ್ಲ, ನೂಲೆಲ್ಲ ಬಿಚ್ಚಿದ ಮೇಲೆ ಗೂಡಿನೊಳಗೆ ಬೆಂದ ಹುಳ ಉಳೀತದೆ, ಅದನ್ನ ಒಂದು ಹಿಡಿ ತಂದು ಮುದ್ದೆ ಚೂರಿಗೆ ಕಲಸಿದ್ರೆ ಆಯ್ತು. ಬಸ್ಸಪ್ಪ ಮುರುಗಮಲ್ಲದ ಬಸ್ಸಲ್ಲಿ ಸೀಟಿನ ಕೆಳಗೆ ಸಿಕ್ಕಿದವನು. ಕಂಡಕ್ಟರು "ಇದು ಯಾರ್ದಮ್ಮ, ಟಿಕೆಟ್ ತಗೊಂಡೈತಾ?" ಅಂದ. "ನಂದೇ ಕಣಪ್ಪ" ಅಂದ್ಬಿಟ್ಟೆ. ಯಾಕಂದೆನೋ! ಬಸ್ಸಲ್ಲಿ ಸಿಕ್ಕಿದ್ದಕ್ಕೆ ಬಸ್ಸಪ್ಪ.

ಮರದ ವಿಷ್ಯಕ್ಕೆ ಬರ್ತೀನಿ, ಬರ್ತೀನಿ. ಆ ಮರ ತಂದೋರು ನಿಮ್ಮ ತಾತ. ಅವ್ರ ಕಡೆ ಮನೆ ಮಾತು ತೆಲುಗು, ಚಿಂತಾಮಣಿಯಿಂದಾಚೆ. ನಾನು ಗೌರಿಬಿದನೂರು ಕಡೆಯೋಳು, ಕನ್ನಡ. ಸೀಬೆಹಣ್ಣಿಗೆ ಅವ್ರು ಜಾಮಕಾಯಿ ಅಂತಿದ್ರು. ಅದೇ ಸಾಬ್ರ ಹತ್ರ ಅವ್ರೂ ಒಲೆ ಉರಿ ನೋಡ್ಕೊಂಡಿದ್ರಲ್ಲ, ಅಲ್ಲಿ ಉರ್ದುನೂ ಕಿವಿಗೆ ಬಿದ್ದಿತ್ತು. ಉರ್ದೂಲಿ ಸೇಬಿಗೆ ಸೇಬ್ ಅಂತಾರೆ. ಒಂದಿನ ಚಿಂತಾಮಣಿಗೆ ಹೊರಟಿದ್ರು, ನಾನು ಒಲೆ ಊದ್ತಾ ಕೂಗಿ ಹೇಳ್ದೆ, "ಬರ್ತಾ ಒಂದು ಸೀಬೆ ಗಿಡ ತಗೊಂಬನ್ನಿ, ಹಿತ್ಲಲ್ಲಿ ಹಾಕಣ." ಸೀಬೆ ಅಂದೆ. ಸ್ಪಷ್ಟವಾಗಿ ಸೀಬೆ ಅಂದೆ! ಸಾಯಂಕಾಲ ಒದ್ದೆ ಗೋಣಿ ಸುತ್ತಿ ಮಗು ಥರ ಎತ್ಕೊಂಡು ಬಂದ್ರು. ಎಲೆ ಹಿಸುಕಿ ಮೂಸಿದ್ರೆ ಸೀಬೆ ವಾಸನೇನೇ ಇಲ್ಲ. "ಏನ್ರೀ ಇದು?" "ಸೇಬು." "ಅಯ್ಯೋ ನಿಮ್ಮ! ಸೇಬು ಬೆಳೆಯೋಕೆ ಇದೇನು ಕಾಶ್ಮೀರನಾ? ನಾನು ಹೇಳಿದ್ದು ಸೀಬೆ!" ಅದ್ಕೆ ಅವ್ರು ಟವೆಲ್ ಕೊಡವಿ, "ನುವ್ವೇ ಕದಾ ಚೆಪ್ಪಿನಾವು, ಸೇಬು ಅನಿ!" ನೀನೇ ಅಲ್ವಾ ಹೇಳಿದ್ದು ಅಂತ ನನ್ನ ಮೇಲೇ ಹಾಕಿದ್ರು. ಜಗಳ ಅಂದ್ರೆ ಜಗಳ. ಆವತ್ತು ಶುರುವಾಗಿದ್ದು ಮೂರು ವರ್ಷ ನಡೀತು. ಊಟಕ್ಕೆ ಕೂತ್ರೆ ಸೀಬೆ, ಮಲಗೋಕೆ ಹೋದ್ರೆ ಸೇಬು. ಕೊನೆಗೆ ಅವ್ರು ಒಂದೇ ಮಾತು ಹಿಡ್ಕೊಂಡ್ರು, "ಹಣ್ಣು ಬಿಡ್ಲಿ, ಆಗ ನೋಡಣ ಯಾರು ಪೆದ್ದರು ಅಂತ."

ಹಣ್ಣು ಬಿಡ್ಲೇ ಇಲ್ಲ. ಎಲೆ ಮಾತ್ರ ಬಿಡ್ತಿತ್ತು, ಮೈ ತುಂಬ. ನಮ್ ಕಾಲ್ದಲ್ಲಿ ಸೇಬು ಅಂದ್ರೆ ಆಸ್ಪತ್ರೆ ಹಣ್ಣು ಕಣ್ರಮ್ಮ, ಚೆನ್ನಾಗಿರೋರು ಯಾರೂ ತಿಂತಿರ್ಲಿಲ್ಲ. ನಿಮ್ಮ ತಾತ ಆಸ್ಪತ್ರೆ ಸೇರಿದಾಗ ನಾನೂ ಎರಡು ತಗೊಂಡು ಹೋದೆ. ನೋಡಿ ನಕ್ರು. "ಅಂಗಡೀದು ಬೇಡ ಕಣೇ, ನಮ್ಮ ಮರದ್ದು ಬರ್ಲಿ, ತಿಂತೀನಿ" ಅಂದ್ರು. ಬರ್ಲಿಲ್ಲ. ಅವ್ರೂ ಮನೆಗೆ ಬರ್ಲಿಲ್ಲ. ಹೋದ್ರು. ಜಗಳ ಮುಗೀದೇನೇ ಹೋದ್ರು ನೋಡು, ಅದೇ ನಂಗೆ ತಡ್ಕೊಳೋಕೆ ಆಗ್ಲಿಲ್ಲ.

ಅದರ ಹಿಂದೇನೇ ಕೊರೊನಾ ಬಂತು. ನಿಂಗೆ ಆಗ ಇನ್ನೂ ಹಲ್ಲು ಬಂದಿರ್ಲಿಲ್ಲ ಚಿನ್ನು. ಸಾಬ್ರು ಒಲೆ ಆರಿಸಿದ್ರು, ಆಮೇಲೆ ಹಚ್ಚಲೇ ಇಲ್ಲ, ಪಾಪ ಅವ್ರದ್ದೂ ಅದೇ ಗತಿ. ನಿಮ್ಮಮ್ಮ ಚಿಕ್ಕಬಳ್ಳಾಪುರಕ್ಕೆ ಬಾ ಬಾ ಅಂದ್ಲು, ನಾನೇ ಬರಲ್ಲ ಅಂದೆ, ಬೆಕ್ಕು ಮರ ಎಲ್ಲಿ ಬಿಟ್ಟು ಹೋಗ್ಲಿ? ಈ ಹಿತ್ಲು ರಾಮಕ್ಕನದು, ಈ ರೂಮೂ ಅವಳದ್ದೇ, ನಾವು ಮೊದ್ಲಿಂದ ಬಾಡಿಗೆಗೆ ಇದ್ದೋರು. ಅವಳ ರೇಷ್ಮೆ ಹುಳದ ಮನೇಲಿ ಸೊಪ್ಪು ಹಾಕೋದು, ಕಸ ತೆಗಿಯೋದು ಮಾಡ್ಕೊಂಡು ಇದ್ದೆ. ಹೊಲದ ಬದೂಲಿ ಅಣ್ಣೆಸೊಪ್ಪು, ಗಣಿಕೆಸೊಪ್ಪು, ಏನು ಸಿಗ್ತದೋ ಅದು ಕಿತ್ತು ಬೆರಕೆ ಸೊಪ್ಪಿನ ಸಾರು. ಹುರುಳಿ ಬೇಯಿಸಿದ್ರೆ ಕಟ್ಟು ಇವತ್ತಿಗೆ, ಕಾಳು ನಾಳೆಗೆ. ಹಿಪ್ಪುನೇರಳೆ ಕಡ್ಡಿನೇ ಸೌದೆ. ಅಕ್ಕಿ ತೊಳೆದ ನೀರಲ್ಲಿ ಪಾತ್ರೆ, ಪಾತ್ರೆ ತೊಳೆದ ನೀರು ಮರಕ್ಕೆ. ನನಗೇನೂ ಕಷ್ಟ ಅನ್ನಿಸ್ಲಿಲ್ಲ, ಮುದ್ದೆ ಇದ್ರೆ ಬದುಕಿದ ಹಾಗೆ. ಬೆಕ್ಕುಗಳದ್ದೇ ಕಷ್ಟ. ಬೆಂದ ಹುಳ ನಿಂತು ಹೋಯ್ತಲ್ಲ. ಸೊಪ್ಪಿನ ಸಾರಲ್ಲಿ ಮುದ್ದೆ ಕಲಸಿ ಇಟ್ರೆ ಬಸ್ಸಪ್ಪ ಮೂಸಿ ನನ್ನ ಮುಖ ನೋಡೋನು, "ಇದೇನಮ್ಮ ಇದು" ಅನ್ನೋ ಥರ. ಮೀನು ಮಾರೋಳು ಬಂದಾಗ ತಲೆ ಕೇಳಿ ಇಸ್ಕೊಂಡು, ಕುದಿಸಿ, ಆ ನೀರಲ್ಲಿ ನಾಲ್ಕು ದಿನ ಓಡಿಸ್ತಿದ್ದೆ.

ಆ ಚಳಿಗಾಲ ರಾಮಕ್ಕನ ಹುಳ ಹಣ್ಣಾಯ್ತು. ನಗಬೇಡಿ, ಹುಳ ಮೇವು ಬಿಟ್ಟು ಗೂಡು ಕಟ್ಟೋ ಹಾಗೆ ಆದ್ರೆ ಹಣ್ಣಾಯ್ತು ಅಂತಾನೇ ಹೇಳೋದು. ಅದನ್ನ ಚಂದ್ರಿಕೆ ಮೇಲೆ ಬಿಡ್ತಾರೆ, ಅಗೋ ಆ ಬಿದಿರಿನ ತಟ್ಟೆ. ಅದನ್ನ ಹಿತ್ಲಲ್ಲಿ ಒರಗಿಸಿ ಇಡೋದು. ಅಲ್ಲಿ ಈ ಮರದ ನೆರಳು, ಮೇಲೆ ಮಂಜು, ಥಂಡಿ ಆರ್ತಾ ಇರ್ಲಿಲ್ಲ, ಗೂಡು ಮೆತ್ತಗಾಯ್ತು. ಬಂದ್ಲು ರಾಮಕ್ಕ ಸೊಂಟಕ್ಕೆ ಸೆರಗು ಸಿಕ್ಕಿಸ್ಕೊಂಡು. "ಏಮೇ ನರಸಮ್ಮ! ನಮ್ಮ ಹುಳ ತಿಂಗಳೊಳಗೆ ಹಣ್ಣಾಗ್ತದೆ, ನಿನ್ನ ಮರ ನಾಲ್ಕು ವರ್ಷ ಆದ್ರೂ ಹಣ್ಣಾಗಿಲ್ಲ. ನೆರಳೊಂದು ದಂಡ. ನಾಳೆ ಮಚ್ಚು ಹಾಕಿಸ್ತೀನಿ. ಆ ಬೆಕ್ಕುಗಳನ್ನೂ ಎಲ್ಲಾದ್ರೂ ಬಿಟ್ಟು ಬಾ, ಹುಳದ ಮನೆ ಹತ್ರ ಬೆಕ್ಕು ಏನಕ್ಕೆ?" ಮರ ಹೋದ್ರೆ ಹಣ್ಣು ಬಿಡ್ತಿತ್ತಾ ಇಲ್ವಾ ಅಂತ ಯಾವತ್ತಿಗೂ ಗೊತ್ತಾಗಲ್ಲ. ನಿಮ್ಮ ತಾತ ಪೆದ್ದರಾ, ನಾನು ಪೆದ್ದಿನಾ, ಅದೂ ಗೊತ್ತಾಗಲ್ಲ. ಬಾಯಿಗೆ ಬಂದಿದ್ದು ಹೇಳ್ದೆ, "ನೆರಳು ಬೀಳೋದು ಎಲೆಯಿಂದ ತಾನೇ ರಾಮಕ್ಕ? ಎಲೆ ತೆಗೀತೀನಿ, ಮರ ಬಿಡು." ಅವಳು ನನ್ನ ಮುಖ ನೋಡಿದ್ಲು, ಮರ ನೋಡಿದ್ಲು. "ಹುಚ್ಚಿ! ತೆಗಿ ಹೋಗು. ಯುಗಾದಿ ತನಕ ಬಿಡ್ತೀನಿ. ಆಮೇಲೆ ಮರಾನೂ ಇರಲ್ಲ, ಬೆಕ್ಕೂ ಇರಲ್ಲ."

ಏಣಿ ಹಾಕ್ಕೊಂಡು ಎರಡು ದಿನ ಕಿತ್ತೆ. ಸೊಪ್ಪು ಬಿಡಿಸಿದ ಕೈ ಅಲ್ವಾ, ಒಂದೊಂದೇ, ಹಿಂಗೆ, ತೊಟ್ಟು ಬಿಟ್ಟು. ಒಂದು ಕೊಂಬೆ ಮಾತ್ರ ಬಿಟ್ಟೆ, ಅಗೋ ಗೋಡೆ ಕಡೆಗೆ ತಗ್ಗಿರೋದು. ಅದರ ಕೆಳಗೆ ಗೂಡಮ್ಮ ಮರಿ ಹಾಕಿದ್ಲು, ಅದರ ನೆರಳು ಮರಿಗಳ ಮೇಲೆ ಬೀಳ್ತಿತ್ತೇ ಹೊರತು ಚಂದ್ರಿಕೆ ಮೇಲಲ್ಲ. ಆ ತಿಂಗಳು ಬೋರಲ್ಲಿ ನೀರೂ ಕಮ್ಮಿ ಆಯ್ತು, ಬೋಳು ಮರಕ್ಕೆ ನೀರು ಯಾಕೆ ದಂಡ ಅಂತ ಅದನ್ನೂ ನಿಲ್ಲಿಸ್ದೆ. ಪಾತ್ರೆ ನೀರೆಲ್ಲ ಟೊಮೊಟೊ ಗಿಡಕ್ಕೆ. ಮರ ಸತ್ತ ಹಾಗೆ ನಿಂತಿತ್ತು. ನೋಡೋಕಾಗ್ದೆ ಬಾಗಿಲು ಹಾಕ್ಕೊಂಡು ಅತ್ತೆ ಕೂಡ. ಬೆಕ್ಕುಗಳಿಗೆ ಮಾತ್ರ ಹಬ್ಬ! ಎಲೆ ಇಲ್ದಿದ್ರೆ ಬಿಸಿಲು ಚೆನ್ನಾಗಿ ಬೀಳ್ತದಲ್ಲ, ಬಸ್ಸಪ್ಪ ಒಂದು ಕೊಂಬೆ ಮೇಲೆ, ಗೂಡಮ್ಮ ಒಂದರ ಮೇಲೆ, ಆಮೇಲಾಮೇಲೆ ಮರಿಗಳೂ ಹತ್ತಿ ಕೂತ್ವು. ರಾಮಕ್ಕ ದಾರೀಲಿ ಹೋಗೋರನ್ನೆಲ್ಲ ಕರೆದು ತೋರ್ಸೋಳು, "ಬನ್ರೇ ನೋಡ್ರೇ, ನರಸಮ್ಮನ ಸೇಬಿನ ಮರದಲ್ಲಿ ಬೆಕ್ಕು ಬಿಟ್ಟವೆ! ಯಾವಾಗ ಹಣ್ಣಾಗ್ತವೆ ಕಣೇ?" ಆದ್ರೆ ಒಂದು, ಗೂಡು ಕಿತ್ಕೊಂಡು ಹೋಗ್ತಿದ್ದ ಅಳಿಲು, ಇಲಿ, ಕಾಗೆ, ಆ ಸಲ ಒಂದೂ ಇತ್ತ ತಲೆ ಹಾಕ್ಲಿಲ್ಲ. ರಾಮಕ್ಕನಿಗೆ ಅದು ಗೊತ್ತಾಗಿತ್ತು. ಹೇಳ್ಲಿಲ್ಲ ಅಷ್ಟೇ.

ಸಂಕ್ರಾಂತಿ ಆಗಿ ಸ್ವಲ್ಪ ದಿನಕ್ಕೆ, ಬೆಳಿಗ್ಗೆ, ಇನ್ನೂ ಮಂಜು ಹರಿದಿಲ್ಲ, ರಾಮಕ್ಕ ಹಿತ್ಲಲ್ಲಿ ಕಿರುಚ್ತಾ ಅವಳೆ. "ನರಸಮ್ಮಾ! ಬೇಗ ಬಾರೇ! ಹುಳ ತಪ್ಪಿಸ್ಕೊಂಡು ಮರ ಹತ್ತವೆ ಕಣೇ! ಮರದ ತುಂಬ ಗೂಡು ಕಟ್ಟವೆ!" ಓಡಿ ಬಂದು ನೋಡಿದ್ರೆ ಹೌದು, ಬೋಳು ಕೊಂಬೆ ಮೇಲೆ ಬೆಳ್ಳಬೆಳ್ಳಗೆ, ಅಲ್ಲೊಂದು ಗುಂಪು ಇಲ್ಲೊಂದು ಗುಂಪು. ಅವಳು ಬುಟ್ಟಿ ತಂದ್ಲು, ನಾನು ಏಣಿ ಹತ್ತಿದೆ. ಇಬ್ರಿಗೂ ಕಣ್ಣು ಮಂಜು, ಮೇಲೆ ಮಂಜು ಬೇರೆ. ಗೂಡು ಬಿಡಿಸೋಣ ಅಂತ ಕೈ ಹಾಕಿದ್ರೆ ಮೆತ್ತಗೆ, ತಣ್ಣಗೆ. ಎಳೆ ಇಲ್ಲ! ಈ ಬೆರಳಿಗೆ ಎಳೆ ಸಿಗ್ಲಿಲ್ಲ. ಹತ್ರ ಮುಖ ಇಟ್ಟು ನೋಡ್ತೀನಿ, ಹೂವು ಕಣ್ರಮ್ಮ. ಬಿಳೀ ಹೂವು, ಅಂಚಲ್ಲಿ ಒಂದು ಚೂರು ಗುಲಾಬಿ ಬಣ್ಣ. ಏಣಿ ಮೇಲೇ ಕೂತ್ಬಿಟ್ಟೆ. ಕೆಳಗಿಂದ ರಾಮಕ್ಕ, "ಎಷ್ಟವೆ? ಎಷ್ಟವೆ?" ಅಂತ ಬುಟ್ಟಿ ಹಿಡ್ಕೊಂಡು ಕೇಳ್ತಾನೇ ಅವಳೆ.

ಯಾಕೆ ಬಿಡ್ತು? ನಾಲ್ಕು ವರ್ಷ ನೀರು ಹುಯ್ದೆ ಬಿಡ್ಲಿಲ್ಲ, ನೀರು ನಿಲ್ಲಿಸಿ ಎಲೆ ಕಿತ್ರೆ ಬಿಡ್ತು. ನಂಗೆ ಅದೇ ಯೋಚನೆ. ಸೊಪ್ಪು ಹಾಕ್ತಾ ಅದೇ, ಮುದ್ದೆ ತಿರುವ್ತಾ ಅದೇ. ಎಲ್ಲಾ ಕೊಂಬೇಲೂ ಹೂವು, ಗೂಡಮ್ಮನ ಕೊಂಬೇಲಿ ಮಾತ್ರ ಒಂದೂ ಇಲ್ಲ. ರಾಮಕ್ಕ, "ಅಲ್ಲಿ ಬೆಕ್ಕು ಮರಿ ಹಾಕಿದೆ, ಮೈಲಿಗೆ, ಅದ್ಕೇ" ಅಂದ್ಲು. ನಾನು, "ಅಲ್ಲಿ ಎಲೆ ಕಿತ್ತಿಲ್ಲ, ಅದ್ಕೇ" ಅಂದೆ. ನೀರಂತೂ ಎಲ್ಲಾ ಕೊಂಬೆಗೂ ಒಂದೇ ಥರ ತಾನೇ ನಿಂತಿದ್ದು? ಮುಂದಿನ ವರ್ಷ ಏನ್ಮಾಡ್ದೆ ಗೊತ್ತಾ, ಆ ಒಂದು ಸಲ ಮಾತ್ರ ಗೂಡಮ್ಮನ ಕೊಂಬೆ ಎಲೆ ಕಿತ್ತು ಇನ್ನೊಂದು ಕೊಂಬೆ ಹಂಗೇ ಬಿಟ್ಟೆ. ಗೂಡಮ್ಮನ ಕೊಂಬೆ ತುಂಬ ಹೂವು, ಬಿಟ್ಟಿದ್ದರಲ್ಲಿ ಸೊನ್ನೆ! ಆಮೇಲೆ ಒಬ್ರು ತಿಳಿದವರನ್ನ ಕೇಳಿದ್ರೆ, ಚಳಿ ಊರಲ್ಲಿ ಸೇಬಿನ ಎಲೆ ತಾನೇ ಉದುರಿ ಮರ ನಿದ್ದೆ ಮಾಡ್ತದಂತೆ, ನಮ್ಮ ಕಡೆ ಅಷ್ಟು ಚಳಿ ಇಲ್ಲ, ನಾವೇ ಉದುರಿಸಿ ಮಲಗಿಸ್ಬೇಕಂತೆ. ನಾಲ್ಕು ವರ್ಷ ಪಾಪ ನಿದ್ದೆ ಇಲ್ದೆ ನಿಂತಿತ್ತು.

ಅದು ಆಮೇಲಿನ ಮಾತು. ಮೊದಲ್ನೇ ವರ್ಷದ್ದು ಹೇಳ್ತಿದ್ದೆ. ಯುಗಾದಿ ದಿನ ಬೆಳಿಗ್ಗೆ ರಾಮಕ್ಕ ಬೇವು ಬೆಲ್ಲ ತಂದ್ಲು. ತಲೆ ಎತ್ತಿ ನೋಡಿದ್ಲು, ಹೊಸ ಎಲೆ ಮಧ್ಯೆ ಎಲಚಿಕಾಯಿ ಗಾತ್ರದ ಐದು ಕಾಯಿ. ಮಚ್ಚಿನ ಮಾತೇ ಎತ್ಲಿಲ್ಲ. "ಅಳಿಲು ಬರ್ತವೆ, ಬೆಕ್ಕುಗಳನ್ನ ಇಲ್ಲೇ ಮಲಗಿಸು" ಅಂತ ಹೇಳಿ ಹೋದ್ಲು. ಗಾಳಿಗೆ ಮೂರು ಬಿದ್ವು, ಎರಡು ನಿಂತ್ವು. ಮುಂಗಾರು ಬರೋ ಹೊತ್ಗೆ ಒಂದು ಕೆನ್ನೆ ಕೆಂಪಾಯ್ತು. ಒಂದನ್ನ ತಾತನ ಫೋಟೋ ಮುಂದೆ ಇಟ್ಟೆ, "ತಗೊಳ್ಳಿ, ನಿಮ್ಮ ಮರದ್ದು" ಅಂತ. ಕೈ ಮುಗಿದು ಕಣ್ಣು ಬಿಡೋಷ್ಟರಲ್ಲಿ ಬಸ್ಸಪ್ಪ ಅದನ್ನ ಉರುಳಿಸ್ಕೊಂಡು ಮಂಚದ ಕೆಳಗೆ ಚೆಂಡಾಡ್ತಾ ಅವ್ನೆ! ಇನ್ನೊಂದನ್ನ ಈಳಿಗೆಮಣೇಲಿ ಎರಡು ಹೋಳು ಮಾಡಿ ರಾಮಕ್ಕನಿಗೊಂದು ಕೊಟ್ಟೆ. ಕಚ್ಚಿದ್ಲು. ಗಟ್ಟಿ, ಕಟುಮ್ ಅಂತು. ಹುಳಿ, ಹಿಂದೇನೇ ಸಿಹಿ. ಕಣ್ಣು ಮುಚ್ಕೊಂಡು ಅಗೀತಾ ಅಗೀತಾ ಅಂದ್ಲು, "ಇದೇನೇ ನರಸಮ್ಮ, ಒಳ್ಳೆ ಸೀಬೆಕಾಯಿ ಇದ್ದಂಗೈತಲ್ಲೇ!"

ನಾನೂ ಬಾಯಿಗೆ ಹಾಕ್ಕೊಂಡೆ. ಹೌದು ಕಣ್ರಮ್ಮ, ದೋರೆ ಸೀಬೆ ಹಂಗೇ ಇತ್ತು. ಜೋರಾಗಿ ನಕ್ಕೆ, ನಗ್ತಾ ನಗ್ತಾ ಅಳು ಬಂತು, ಫೋಟೋ ಕಡೆ ತಿರುಗಿ ಹೇಳ್ದೆ, "ಕೇಳಿಸ್ತೇನ್ರೀ? ನೀವು ತಂದಿದ್ದೂ ಸರಿ, ನಾನು ಹೇಳಿದ್ದೂ ಸರಿ." ಆವತ್ತಿಗೆ ನಮ್ಮ ಜಗಳ ಮುಗೀತು.

ಅದ್ಕೇ ಹೇಳೋದು, ನೆರಳು ಜಾಸ್ತಿ ಆಯ್ತು ಅಂತ ಯಾರಾದ್ರೂ ಮಚ್ಚು ತಂದ್ರೆ, ಮೊದ್ಲು ಎಲೆ ಕಿತ್ತು ನೋಡಣ ತಡೀರಿ ಅನ್ನಿ. ಮನುಷ್ಯರ ಮೇಲೆ ಕೋಪ ಬಂದ್ರೂ ಅಷ್ಟೇ. ಏಯ್ ಭೂಮಿ, ಆ ಕೊಂಬೆ ಬಿಡೇ! ಹಣ್ಣಿಲ್ದಿದ್ರೂ ಪರವಾಗಿಲ್ಲ, ಅದರ ನೆರಳು ಗೂಡಮ್ಮಂದು.