ದರ್ಜಿಯ ಬಿಪಿ ಪುಸ್ತಕ

...ಇಲ್ಲ ಕಣೇ, ಡಾಕ್ಟರಮ್ಮ ಬೈಯಲಿಲ್ಲ. ಬೈದಿದ್ರೇ ವಾಸಿಯಿತ್ತು. ಕಿಡ್ನಿ ರಿಪೋರ್ಟ್ ನೋಡಿದ್ರು, ನನ್ನ ಬಿಪಿ ಪುಸ್ತಕ ನೋಡಿದ್ರು, ಆಮೇಲೆ ನನ್ನ ಮುಖ ನೋಡಿದ್ರು. ಆರು ತಿಂಗಳ ಹಿಂದೆ ಕಿಡ್ನಿ ಅರ್ಧ ಕೆಲಸ ಮಾಡ್ತಿತ್ತಂತೆ, ಈಗ ಕಾಲು ಭಾಗವೂ ಇಲ್ವಂತೆ. "ಬಿಪಿ ಇಷ್ಟು ಹತೋಟಿಯಲ್ಲಿದ್ದೂ ಹೀಗ್ಯಾಕೆ?" ಅಂದ್ರು. ನನ್ನನ್ನ ಕೇಳಿದ್ರೆ? ನಾನು ದರ್ಜಿ. ಅಳತೆ ತಗೋ, ಬರಿ, ಅಷ್ಟೇ. ಮೂವತ್ತು ವರ್ಷದಲ್ಲಿ ಒಬ್ಬರ ಅಳತೆಗೆ ಇನ್ನೊಬ್ಬರ ಅಂಗಿ ಹೊಲಿದವನಲ್ಲ.

ಯಾಕೆ ನಗ್ತೀಯ? ಅಕ್ಷರ ಮುತ್ತಿನ ಹಾಗಿದೆ ಅಂತ ಅವರೇ ಹೊಗಳಿದ್ರು! ಬೆಳಗ್ಗೆ ಒಂದು, ಸಂಜೆ ಒಂದು, ಒಂದು ದಿನ ತಪ್ಪಿಲ್ಲ. ಇದನ್ನ ನೋಡಿಯೇ ಅವರು ಮಾತ್ರೆ ಜಾಸ್ತಿ ಮಾಡ್ಲಿಲ್ಲ... ಅಯ್ಯೋ, ಏನು ಹಾಳೆ ತಿರುವಿ ಹಾಕ್ತಿದ್ದೀಯ? ಮುಚ್ಚಿಡು. ಬರೀ ಅಂಕಿ.

ಯಾವುದು? ಓ, ಅದಾ... ನೂರಾ ಐವತ್ತೆಂಟು. ಹೂಂ, ಪುಸ್ತಕದಲ್ಲೆಲ್ಲ ಅದೊಂದೇ ಜಾಸ್ತಿ. ಅವತ್ತು ಬಿಸಿಲಿತ್ತು, ಅಂಗಡಿಯಲ್ಲಿ ಗಿರಾಕಿ ಜಗಳ ಬೇರೆ...

ತಾರೀಕು? ನಿನ್ನ ತಂಗಿ ತೀರಿಕೊಂಡ ದಿನ. ಹೌದು. ನನಗೂ ಸಂಕಟ ಆಗಿತ್ತು ಕಣೇ, ಅದಕ್ಕೇ ಏರಿರಬೇಕು.



ನಿನ್ನ ತೋಳು ಯಾಕೆ ಮುಂದೆ ಚಾಚ್ತೀಯ? ದಿನಾ ಬಿಪಿ ಪಟ್ಟಿ ಮೊದಲು ನಿನಗೇ ಕಟ್ಟುತ್ತಿದ್ದೆ, ನಿಜ. ಮಿಷಿನ್ ಸರಿಯಾಗಿದೆಯಾ ನೋಡೋಕೆ ಅಂತ ಹೇಳಿದ್ದೆನಲ್ಲ...

ಹಾಗೆ ನೋಡಬೇಡ.

ಒಂದೇ ದಿನಕ್ಕೆ ಅಂದ್ಕೊಂಡಿದ್ದೆ. ನಂದು ನೂರಾ ಎಪ್ಪತ್ತು ತೋರಿಸ್ತು. ನಮ್ಮಣ್ಣನಿಗೂ ಹೀಗೇ ಶುರುವಾಗಿದ್ದಲ್ವಾ? ಒಂದು ಮಾತ್ರೆ, ಎರಡು, ನಾಲ್ಕು... ಆಮೇಲೆ ಡಯಾಲಿಸಿಸ್ ಮಂಚ. ಅಲ್ಲಿಂದ ಅವನು ಇಳಿದು ಬಂದನಾ? ನಿಂದು ನೋಡಿದ್ರೆ ನೂರಾ ಇಪ್ಪತ್ತು, ನೂರಾ ಹದಿನೆಂಟು... ಎಷ್ಟು ಚೆಂದ ಬರ್ತಿತ್ತು! ಬರೆದುಬಿಟ್ಟೆ. ಬರೀತಾ ಬರೀತಾ ನಂದೇ ಅನ್ನಿಸೋಕೆ ಶುರುವಾಯ್ತು. ನಂದು ಅಳೆಯೋದನ್ನೇ ಬಿಟ್ಟೆ.

ಬೈಯೇ! ಪುಸ್ತಕ ಮುಖಕ್ಕೆ ಎಸಿ!

ಅರೆ, ಪಟ್ಟಿ ನನ್ನ ತೋಳಿಗ್ಯಾಕೆ... ನಾಳೆ ನೋಡೋಣ ಬಿಡು. ಈಗ ಎಷ್ಟಿರುತ್ತೋ... ಸ್ವಲ್ಪ ಮೇಲೆ ಕಟ್ಟು, ಹಾಂ, ಅಲ್ಲೇ.

ತುಟಿ ಮೇಲೆ ಬೆರಳು ಇಡ್ತೀಯಾ? ಗೊತ್ತು. ಅಳೆಯುವಾಗ ಮಾತಾಡಬಾರದು.

ಗುಂಡಿ ಒತ್ತು.